ತೂತಿನ ಕಾಗದ

ನಮ್ಮ ಎಣ್ಣೆ ಮಿಲ್ಲು ನಿಂತು ಆಗ ಒಂದು ವರ್ಷವಾಗಿತ್ತೇನೋ. ನಮ್ಮ ಯಜಮಾನರು ಚಿತ್ರದುರ್ಗದಲ್ಲಿ ನಡೆದ ಸಣ್ಣ ಕೈಗಾರಿಕೆಯ ತರಬೇತಿಯೊಂದಕ್ಕೆ ಹೋಗಿ ಬಂದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಹೊರದೇಶದ ಪಾಮೋಲಿನ್ ಎಣ್ಣೆ ಅಗ್ಗಕ್ಕೆ ಸಿಗತೊಡಗಿದ ಮೇಲೆ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ನಮ್ಮ ಮಾವನವರು ಮಾತ್ರ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ನಿಂತುಹೋದ ಮಿಲ್ಲಿಗೆ ಹೋಗಿ ಬೀಗ ತೆಗೆದು ತಮ್ಮ ಮರದ ಕುರ್ಚಿಯಲ್ಲಿ ಕೂರುತ್ತಿದ್ದರು. ಊಟದ ಹೊತ್ತಿಗೆ ಬರುತ್ತಿದ್ದರು. ಅಲ್ಲಿ ಏನು ಮಾಡುತ್ತಾರೆಂದು ನಾವ್ಯಾರೂ ಕೇಳಿರಲಿಲ್ಲ.

ನಾನು ರೊಟ್ಟಿ ತಟ್ಟುತ್ತಿದ್ದೆ. ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು, "ಟಾಯ್ಲೆಟ್ ಪೇಪರ್ ಮಾಡೋಣ ಅಂತಿದೀನಿ" ಅಂದರು.

"ಟೈಲ್ಸಾ?" ಅಂದೆ.

"ಟೈಲ್ಸ್ ಅಲ್ಲ ಕಣೇ. ಟಾಯ್ಲೆಟ್ ಪೇಪರ್. ಫಾರಿನ್ನೋರು ಒರೆಸ್ಕೊಳ್ತಾರಲ್ಲ, ಅದು."

"ಏನು ಒರೆಸ್ಕೊಳ್ಳಾದು?"

ಅವರು ಹಿಂದೆ ತಿರುಗಿ, ಪಡಸಾಲೆಯಲ್ಲಿ ಮಾವ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದರು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ತರಬೇತಿಯಲ್ಲಿ ಊದುಬತ್ತಿ, ಮೇಣದಬತ್ತಿ, ಫಿನಾಯಿಲು, ಅಡಿಕೆ ಹಾಳೆಯ ತಟ್ಟೆ ಎಲ್ಲ ಹೇಳಿಕೊಟ್ಟರಂತೆ. ಯಾರಿಗೆ ಯಾವುದು ಬೇಕೆಂದು ಕೇಳಿದಾಗ ಎಲ್ಲದಕ್ಕೂ ಜನ ಕೈ ಎತ್ತಿದರಂತೆ, ಇದೊಂದಕ್ಕೆ ಬಿಟ್ಟು.

"ನಮ್ಮ ಜಿಲ್ಲೇಲೇ ಯಾರೂ ಮಾಡ್ತಿಲ್ಲ. ಪೈಪೋಟಿನೇ ಇಲ್ಲ" ಅಂದರು.

"ಯಾಕೆ ಮಾಡ್ತಿಲ್ಲ ಅಂತ ಕೇಳಿದ್ರಾ?"

"ಅದನ್ನ್ಯಾಕೆ ಕೇಳ್ಬೇಕು?"

ನಮ್ಮ ಓಣಿಗೆ ಆಗ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೋರ್‌ವೆಲ್ಲಿನ ಮುಂದೆ ಕೊಡಗಳ ಸಾಲು. ನೀರಿಗೆ ಇಷ್ಟು ಬಡಿದಾಡುವ ಊರಿಗೆ ಇಂಥ ಕಾಗದವೇ ಸರಿಯೇನೋ ಅನ್ನಿಸಿತು ಒಂದು ಗಳಿಗೆ. ಮರುಗಳಿಗೆಯಲ್ಲಿ, ಆ ಸಾಲಿನಲ್ಲಿ ನಿಲ್ಲುವ ಹೆಂಗಸರಲ್ಲಿ ಯಾರೊಬ್ಬರಾದರೂ ಒಂದು ಚೊಂಬು ಉಳಿಸಲು ಇದನ್ನು ಮುಟ್ಟಿಯಾರೇ ಎಂದು ಯೋಚಿಸಿದೆ. ಎರಡೂ ಯೋಚನೆಗಳು ಒಂದಕ್ಕೊಂದು ಸೇರಲಿಲ್ಲ. ಅವತ್ತು ಶುರುವಾದ ಗೊಂದಲ, ನಿಜ ಹೇಳಬೇಕೆಂದರೆ, ಆ ವ್ಯಾಪಾರ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ.

ಮಾವನವರಿಗೆ ಹೇಳುವುದು ಹೇಗೆ ಎಂಬುದೇ ಮೊದಲ ಕಷ್ಟ. ನಮ್ಮ ಮನೆಯಲ್ಲಿ ಕಾಗದಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಹಳೇ ಪೇಪರಿನ ಮೇಲೆ ಕೂತರೂ ಮಾವ ಬೈಯುತ್ತಿದ್ದರು. ಯಜಮಾನರು ಬೆಂಗಳೂರಿನಿಂದ ತರಿಸಿದ್ದ ಒಂದು ಸುರುಳಿಯನ್ನು ಅವರ ಮುಂದಿಟ್ಟು, ನೆಲ ನೋಡುತ್ತಾ ವಿಷಯ ಹೇಳಿದರು. ಮಾವ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಕಾಗದ ಅಲ್ಲೇನೋ?"

"ಹೂಂ ಅಪ್ಪಾಜಿ."

"ಕಾಗದ ಅಂದ್ರೆ ಸರಸ್ವತಿ. ಸರಸ್ವತೀನ ತಗೊಂಡು ಹಂಗೆ ಮಾಡಾದಾ?"

"ಇದರಾಗೆ ಅಕ್ಷರ ಇಲ್ವಲ್ಲ ಅಪ್ಪಾಜಿ."

"ಅಕ್ಷರ ಇಲ್ದಿದ್ರೇನು? ಬರೆಯಾಕೆ ಬರ್ತೈತಲ್ಲ?"

ಜೇಬಿನಿಂದ ಮಸಿ ಪೆನ್ನು ತೆಗೆದು, ಮೊದಲ ಚೂರಿನ ಮೇಲೆ 'ಶ್ರೀ' ಬರೆಯಲು ಹೋದರು. ನಿಬ್ಬು ಸಿಕ್ಕಿಕೊಂಡು ಕಾಗದ ಹರಿಯಿತು. ಇನ್ನೊಂದು ಚೂರಿನ ಮೇಲೆ ಮೆಲ್ಲಗೆ ಬರೆದರು. ಮಸಿ ನಾಲ್ಕೂ ಕಡೆ ಹರಡಿ ನೀಲಿ ಮಚ್ಚೆಯಾಯಿತು. ಆ ಮಚ್ಚೆಯನ್ನೇ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಬರೆಯಾಕೇ ಬರಾಕಿಲ್ಲ ಅಂದ್ಮೇಲೆ ಇದು ಕಾಗದ ಅಲ್ಲ. ಏನೋ ಬ್ಯಾರೆ. ಮಾಡ್ಕೊಳ್ರಿ. ನಾನಂತೂ ಆ ಕಡೆ ಬರಾಕಿಲ್ಲ."

ಒಪ್ಪಿಗೆ ಸಿಕ್ಕಿತೆಂದು ಯಜಮಾನರು ಹಿಗ್ಗಿದರು. ನನಗೆ ಆ ಮಸಿಯ ಚೂರುಗಳದ್ದೇ ಚಿಂತೆ. 'ಶ್ರೀ' ಬರೆಯಲು ಹೊರಟದ್ದನ್ನು ಕಸಕ್ಕೆ ಹಾಕುವುದು ಹೇಗೆ? ದೇವರ ಮಾಡದಲ್ಲಿ ಇಡುವುದಂತೂ ಆಗದ ಮಾತು. ಕೊನೆಗೆ ಒಲೆಗೆ ಹಾಕಿದೆ. ಒಲೆಗೆ ಹಾಕಿದ ಮೇಲೆ ಅದೂ ಸರಿಯೋ ತಪ್ಪೋ ಅಂತ ಅನ್ನಿಸಿತು.

ಮಾಡುವವರಿಗೆ ಬಳಸಿ ಗೊತ್ತಿರಬೇಕಲ್ಲ ಎಂದು ನಾನೇ ಯಜಮಾನರನ್ನು ಕೇಳಿದೆ. ಒಂದು ಬೆಳಿಗ್ಗೆ ಅವರು ಸುರುಳಿ ಹಿಡಿದು ಹಿತ್ತಲಿನ ಕಕ್ಕಸಿಗೆ ಹೋದರು. ಹೊರಗೆ ಬಂದವರು ಸೀದಾ ಬಚ್ಚಲಿಗೆ ಹೋಗಿ ತಲೆಮೇಲೆ ನೀರು ಸುರಿದುಕೊಂಡರು.

"ಹೆಂಗಿತ್ರೀ?"

"ಗೊತ್ತಾಗ್ಲಿಲ್ಲ" ಅಂದರು ತಲೆ ಒರೆಸಿಕೊಳ್ಳುತ್ತಾ. "ಚೆನ್ನಾಗೈತೋ ಇಲ್ವೋ ಅಂತ ಹೇಳಾಕೆ ಇನ್ನೊಂದು ಯಾವುದಕ್ಕಾದ್ರೂ ಹೋಲಿಸ್ಬೇಕಲ್ಲ."

ಹಳೆಯ ಗಾಣಗಳನ್ನು ಕಿತ್ತು ಮಾರಿ, ಮಿಲ್ಲಿನ ಶೆಡ್ಡಿನಲ್ಲಿ ಕೊಯಮತ್ತೂರಿನ ಕಡೆಯಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಮಿಷಿನ್ನು ಕೂರಿಸಿದೆವು. ಕೆಲಸ ನೋಡಲು ಸುಲಭ. ಕಾಗದದ ಕಾರ್ಖಾನೆಯಿಂದ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಸುರುಳಿ ಬರುತ್ತದೆ. ಅದನ್ನು ಬಿಚ್ಚಿ ರಟ್ಟಿನ ಕೊಳವೆಗೆ ಸುತ್ತಬೇಕು. ಸುತ್ತುವಾಗ ಒಂದು ಹಲ್ಲಿನ ಬ್ಲೇಡು ಗೇಣಿಗೊಂದರಂತೆ ಅಡ್ಡಸಾಲಿನಲ್ಲಿ ಸಣ್ಣ ಸಣ್ಣ ತೂತು ಹಾಕುತ್ತದೆ, ಬೇಕಾದಷ್ಟು ಹರಿದುಕೊಳ್ಳಲಿ ಎಂದು. ಆಮೇಲೆ ಕತ್ತರಿಸಿ ಪೊಟ್ಟಣ ಕಟ್ಟುವುದು. ಮೊದಲು ನಮ್ಮಲ್ಲಿ ಶೇಂಗಾ ಹಸನು ಮಾಡುತ್ತಿದ್ದ ಹೆಂಗಸರೇ ಕೆಲಸಕ್ಕೆ ಬಂದರು. ನೆಲದ ಮೇಲೆ ಬಿದ್ದ ತುಂಡಿಗೆ ಕಾಲು ತಾಗಿದಾಗಲೆಲ್ಲ ಅವರು ಬಗ್ಗಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇಡೀ ದಿನ ಕಾಲಿಗೆ ತಾಗುವುದೇ. ಕೆಲಸ ಸಾಗುತ್ತಿರಲಿಲ್ಲ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲ ಮಾಲು ಚಿತ್ರದುರ್ಗದ ಒಂದು ಲಾಡ್ಜಿಗೆ ಹೋಯಿತು. ವಾರದೊಳಗೆ ವಾಪಸು ಬಂತು. ಲಾಡ್ಜಿನ ಮಾಲೀಕರು ಫೋನಿನಲ್ಲಿ ಯಜಮಾನರಿಗೆ ಹೇಳಿದ್ದು ಇಷ್ಟು: "ಸ್ವಾಮಿ, ನಿಮ್ಮ ಪೇಪರಿಂದ ಶೇಂಗಾ ಚಟ್ನಿ ವಾಸನೆ ಬರ್ತೈತೆ. ಗಿರಾಕಿಗಳು ಬೈತಾರೆ."

ಮೂಗಿಗೆ ಹಿಡಿದು ನೋಡಿದೆ. ನಿಜ. ಎರಡು ತಲೆಮಾರು ಎಣ್ಣೆ ಕುಡಿದ ಗೋಡೆಗಳು, ಹಿಂಡಿಯ ಮೂಟೆ ಹೊತ್ತ ನೆಲ. ಆ ವಾಸನೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಅದು ನಮ್ಮ ಮೈವಾಸನೆಯೇ ಆಗಿಬಿಟ್ಟಿತ್ತು. ಸೋಪಿನ ಪುಡಿ ಹಾಕಿ ಉಜ್ಜಿದೆವು, ಸುಣ್ಣ ಬಳಿದೆವು, ಎಲ್ಲ ಕಿಟಕಿ ತೆಗೆದಿಟ್ಟೆವು. ಕಿಟಕಿ ತೆಗೆದರೆ ಚಳ್ಳಕೆರೆಯ ಕೆಂಪು ಧೂಳು ಒಳಗೆ ಬಂದು ಬಿಳಿ ಕಾಗದದ ಮೇಲೆ ಕೂರುತ್ತಿತ್ತು. ಮುಚ್ಚಿದರೆ ವಾಸನೆ. ಯಾವುದು ಮೇಲು ಎಂದು ನಾವಿಬ್ಬರೂ ದಿನಕ್ಕೊಂದು ತೀರ್ಮಾನ ಮಾಡುತ್ತಿದ್ದೆವು.

ನೆಂಟರಿಷ್ಟರಿಗೆ ಹೇಳಿದ್ದು 'ಪೇಪರ್ ಫ್ಯಾಕ್ಟರಿ' ಅಂತ. ಅದರ ಫಲ ಜೂನ್ ತಿಂಗಳಲ್ಲಿ ಸಿಕ್ಕಿತು. ನನ್ನ ತವರು ಮೊಳಕಾಲ್ಮೂರಿನ ಆಚೆ, ದೇವಸಮುದ್ರದ ಹತ್ತಿರ ಒಂದು ಹಳ್ಳಿ. ಶಾಲೆ ಶುರುವಾಗುವ ಹೊತ್ತಿಗೆ ನಮ್ಮವ್ವ ಅಲ್ಲಿಂದ ಬಸ್ಸು ಹತ್ತಿ ಬಂದಳು. ಜೊತೆಯಲ್ಲಿ ಊರಿನ ಮೇಷ್ಟ್ರು.

"ನಮ್ಮ ಶಾಲೆ ಮಕ್ಕಳಿಗೆ ಒಂದಿಷ್ಟು ನೋಟ್‌ಬುಕ್ ಕೊಡಿಸ್ತಾಳೆ ನನ್ನ ಮಗಳು ಅಂತ ಹೇಳ್ಬಿಟ್ಟೀನಿ" ಅಂದಳು ಅವ್ವ, ಕಾಲು ತೊಳೆಯುವ ಮೊದಲೇ.

ಮೇಷ್ಟ್ರಿಗೆ ಕಾಫಿ ಕೊಟ್ಟು, ಅವ್ವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸುರುಳಿ ತೋರಿಸಿ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಇನ್ನೊಮ್ಮೆ ಹೇಳು ಅಂದಳು. ಹೇಳಿದೆ.

"ಇದಕ್ಕೆ ದುಡ್ಡು ಕೊಡ್ತಾರೇನೇ ಜನ?"

"ಕೊಡ್ತಾರಂತೆ ಅವ್ವ."

"ಯಾರು?"

ಅಂಥವರನ್ನು ನಾನೂ ನೋಡಿರಲಿಲ್ಲ. ಕಡೆಗೆ ಪೇಟೆಯ ಅಂಗಡಿಯಿಂದ ನೋಟ್‌ಬುಕ್ಕು ಕೊಂಡು ತಂದು ಮೇಷ್ಟ್ರ ಕೈಗೆ ಕೊಟ್ಟೆವು. ಅವರು ಪುಟ ತಿರುಗಿಸಿ, "ನಿಮ್ಮ ಕಾಗದ ಭಾಳ ಚೆನ್ನಾಗೈತೆ" ಅಂದರು. ಯಜಮಾನರು ಕೈ ಮುಗಿದರು. ನಾನೂ ಮುಗಿದೆ.

ಲಾಡ್ಜುಗಳಿಗೆ ಅಷ್ಟಿಷ್ಟು ಹೋಗುತ್ತಿತ್ತು, ಬಳ್ಳಾರಿ ರಸ್ತೆಯ ಒಂದೆರಡು ಹೋಟೆಲಿಗೂ. ಹೀಗೆ ತೆವಳುತ್ತಿರುವಾಗ ಮೊಳಕಾಲ್ಮೂರಿನ ಒಂದು ಫ್ಯಾನ್ಸಿ ಸ್ಟೋರಿನವರು ಒಂದು ಮೂಟೆ ತರಿಸಿಕೊಂಡರು. ಹದಿನೈದು ದಿನಕ್ಕೆ ಇನ್ನೊಂದು. ಆಮೇಲೆ ವಾರ ವಾರ ಬಸ್ಸಿನ ಮೇಲೆ ಹಾಕಿ ಕಳಿಸುವಂತಾಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೊಳಕಾಲ್ಮೂರು ನನಗೆ ಚಿಕ್ಕಂದಿನಿಂದ ಗೊತ್ತಿರುವ ಊರು. ಅಲ್ಲಿ ಇಷ್ಟೊಂದು ಸುರುಳಿ ಯಾರು ಏನು ಮಾಡುತ್ತಾರೆ?

"ಬ್ರಹ್ಮಗಿರೀಲಿ ಅಶೋಕನ ಶಾಸನ ನೋಡಾಕೆ ಫಾರಿನ್ನೋರು ಬರ್ತಾರಲ್ಲ, ಅವರಿರ್ಬೇಕು" ಅಂದರು ಯಜಮಾನರು.

"ಅವರು ಬರಾದು ವರ್ಷಕ್ಕೊಬ್ರೋ ಇಬ್ರೋ. ವಾರಕ್ಕೊಂದು ಮೂಟೆನಾ?"

"ಹೊಟ್ಟೆ ಸರಿ ಇಲ್ದೋರು ಇರ್ಬೋದು" ಅಂದರು. ಆದರೆ ಅವರಿಗೇ ನಂಬಿಕೆ ಇರಲಿಲ್ಲ.

ಅವ್ವನ ಊರಿಗೆ ಹೋಗುವಾಗ ಬಸ್ಸು ಬದಲಿಸುವ ನೆಪದಲ್ಲಿ ಮೊಳಕಾಲ್ಮೂರಿನಲ್ಲಿ ಇಳಿದು ಆ ಅಂಗಡಿ ಹುಡುಕಿದೆವು. ಅಂಗಡಿಯವರು ವಯಸ್ಸಾದ ಸಾಹೇಬರು. ನಾವು ಯಾರೆಂದು ಗೊತ್ತಾದ ಕೂಡಲೇ ಎದ್ದು ನಿಂತು, "ಆವೋ ಆವೋ, ಬರ್ರಿ. ನಿಮ್ಮ ಮಾಲು ಬಹುತ್ ಅಚ್ಛಾ ಐತೆ. ತಂದಂಗೆ ಖಾಲಿ" ಅಂದರು.

"ಯಾರು ತಗೊಳ್ತಾರೆ ಸಾಹೇಬ್ರೆ?" ಯಜಮಾನರು ಕೇಳಿದರು.

"ಮಗ್ಗದೋರು. ಇನ್ಯಾರು?"

ನಮಗೆ ಇನ್ನೂ ಅರ್ಥವಾಗಲಿಲ್ಲ. ಅವರೇ ನೇಕಾರರ ಬೀದಿಯ ಒಂದು ಮನೆ ತೋರಿಸಿ, ಹೋಗಿ ನೋಡಿರಿ ಅಂದರು.

ಆ ಮನೆಯ ಒಳಕೋಣೆಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಹೊರಗಿನ ಪಡಸಾಲೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಚಾಪೆಯ ಮೇಲೆ ಕೂತು, ಮಗ್ಗದಿಂದ ಇಳಿಸಿದ ರೇಷ್ಮೆ ಸೀರೆ ಮಡಿಸುತ್ತಿದ್ದಳು. ನೇರಳೆ ಬಣ್ಣದ ಸೀರೆ, ಅಗಲ ಜರಿಯ ಅಂಚು. ಅವಳ ಮಂಡಿಯ ಪಕ್ಕದಲ್ಲಿ ನಮ್ಮ ಸುರುಳಿ. ಅದರಿಂದ ಉದ್ದಕ್ಕೆ ಕಾಗದ ಬಿಚ್ಚಿ ಜರಿಯ ಮೇಲೆ ಹಾಸುತ್ತಾಳೆ, ಅಂಗೈಯಿಂದ ಮೆಲ್ಲಗೆ ಸವರುತ್ತಾಳೆ, ಅದರ ಮೇಲೆ ಒಂದು ಮಡಿಕೆ. ಮತ್ತೆ ಕಾಗದ, ಮತ್ತೆ ಮಡಿಕೆ. ಜರಿ ಜರಿಗೆ ತಿಕ್ಕಿ ಕಪ್ಪಾಗದಿರಲಿ ಎಂದು. ನನಗಾದದ್ದು ಹಿಗ್ಗೋ ಹೆದರಿಕೆಯೋ ಗೊತ್ತಾಗಲಿಲ್ಲ.

ಯಜಮಾನರು ಬಾಗಿಲಲ್ಲೇ ನಿಂತರು. ನಾನು ಒಳಗೆ ಹೋಗಿ ಕೂತೆ. ಈ ಕಾಗದ ಮಾಡುವವರು ನಾವೇ ಅಂದೆ. ಅವಳ ಮುಖ ಅರಳಿತು.

"ಅಯ್ಯೋ, ನೀವೇನ್ರಿ? ಮೊದ್ಲು ನ್ಯೂಸ್ ಪೇಪರ್ ಇಡ್ತಿದ್ವಿ, ಮಸಿ ಹತ್ತಾದು. ಇದು ಬೆಣ್ಣೆ ಇದ್ದಂಗೈತೆ. ಆದ್ರೆ ಒಂದು ಮಾತು ಅಕ್ಕಾ, ಬೇಜಾರು ಮಾಡ್ಕೋಬ್ಯಾಡ್ರಿ. ಗೇಣಿಗೊಂದು ಕಡೆ ತೂತು ಯಾಕೆ ಹಾಕ್ತೀರಿ? ಎಳೆದ್ರೆ ಅಲ್ಲೇ ಹರಿತೈತೆ. ಆ ತೂತು ತೆಗೆಸ್ರಿ."

ತೂತು ಯಾಕೆ ಎಂದು ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ಬಾಗಿಲ ಕಡೆ ನೋಡಿದೆ. ಯಜಮಾನರು ಬೀದಿಯ ಕಡೆ ತಿರುಗಿ ನಿಂತಿದ್ದರು. ಆ ಸೀರೆ ನಾಳೆ ಯಾವುದೋ ಮದುವಣಗಿತ್ತಿಯ ಮೈಮೇಲೆ ಇರುತ್ತದೆ, ಯಾವುದೋ ದೇವಿಗೆ ಉಡಿಸುತ್ತಾರೆ. ಕಾಗದ ಶುದ್ಧವಾದದ್ದೇ, ಯಾರೂ ಬಳಸಿದ್ದಲ್ಲ. ಆದರೂ ಹೇಳದೆ ಎದ್ದು ಬರಲು ಮನಸ್ಸಾಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ.

ಅವಳ ಕೈ ನಿಂತಿತು. ಸುರುಳಿಯನ್ನು ನೋಡಿದಳು, ನನ್ನನ್ನು ನೋಡಿದಳು, ತೊಡೆಯ ಮೇಲಿದ್ದ ಸೀರೆಯನ್ನು ನೋಡಿದಳು. ಒಳಗಿನಿಂದ ಮುದುಕಿಯೊಬ್ಬಳ ದನಿ ತೆಲುಗಿನಲ್ಲಿ ಕೇಳಿತು: "ಏಮಂಟುಂದೇ ಆಯಮ್ಮ?" ಏನಂತಾಳೆ ಅವಳು ಎಂದು.

"ಏಮೀ ಲೇದತ್ತಾ" ಅಂತ ಇವಳು ಕೂಗಿ ಹೇಳಿದಳು. ಏನಿಲ್ಲವಂತೆ! ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಇಷ್ಟು ಚೆಂದದ ಕಾಗದದಾಗೆ? ನೀರಿಲ್ವೇನ್ರಿ ಅವರ ಊರಾಗೆ?"

"ಐತಂತೆ. ನಮಗಿಂತ ಜಾಸ್ತಿ ಐತಂತೆ."

"ಮತ್ತ್ಯಾಕೆ?"

"ನನಗೂ ಗೊತ್ತಿಲ್ಲಮ್ಮ."

ಅವಳು ತಲೆ ತಗ್ಗಿಸಿದಳು. ನಗುತ್ತಿದ್ದಾಳೋ ನೊಂದುಕೊಂಡಿದ್ದಾಳೋ ತಿಳಿಯಲಿಲ್ಲ. ಕಾಗದವನ್ನು ಮತ್ತೆ ಜರಿಯ ಮೇಲೆ ಎಳೆದು ಸವರತೊಡಗಿದಳು.

"ಈ ಮಾತು ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾ. ನಮ್ಮತ್ತೆಗೆ ಗೊತ್ತಾದ್ರೆ ಸೀರೆ ಎಲ್ಲ ತೊಳೆ ಅಂತಾಳೆ. ತೂತಿಲ್ದಂಗೆ ಮಾಡಿ ಕಳಿಸ್ರಿ. ತೂತೇ ಇಲ್ಲ ಅಂದ್ಮೇಲೆ ಅದು ಅದಲ್ಲ, ಸೀರೆ ಕಾಗದ."

ಮುಂದಿನ ಬಸ್ಸಿನಲ್ಲಿ ನಾನು ಹಗುರಾಗಿದ್ದೆ. ಅವ್ವನ ಎದುರು ಹೇಳಲು ಈಗ ಒಂದು ಹೆಸರು ಸಿಕ್ಕಿತ್ತು. ಆದರೆ ಯಜಮಾನರು ಕಿಟಕಿಗೆ ತಲೆ ಆನಿಸಿ, ಮುಖ ಸಿಂಡರಿಸಿಕೊಂಡು ಕೂತಿದ್ದರು.

"ಒಳ್ಳೇದಾಯ್ತಲ್ರೀ" ಅಂದೆ.

"ಏನು ಒಳ್ಳೇದು? ನಾನು ಕಲ್ತಿದ್ದು ಟಾಯ್ಲೆಟ್ ಪೇಪರ್. ಆ ತೂತು ಸರಿಯಾಗಿ ಬೀಳಾಕೆ ಎಷ್ಟು ಒದ್ದಾಡಿದೀನಿ ನಿನಗೇ ಗೊತ್ತು. ಈಗ ತೂತೇ ಬ್ಯಾಡ ಅಂದ್ರೆ ನಾವು ಮಾಡ್ತಿರಾದು ಏನು?"

"ಸೀರೆ ಕಾಗದ."

"ಹಂಗಂದ್ರೇನು? ಅಂಥದ್ದೊಂದು ಲೋಕದಾಗೆ ಐತೇನು?"

ಹೊರಗೆ ಕುರಿಮಂದೆ ರಸ್ತೆ ದಾಟುವವರೆಗೂ ಬಸ್ಸು ನಿಂತಿತ್ತು. ಅವರಿಗೆ ಯಾಕೆ ಸಿಟ್ಟು ಎಂದು ನನಗೆ ಅರ್ಥವಾಗಲಿಲ್ಲ. ಮಾಲು ಖರ್ಚಾಗುತ್ತಿದೆ, ಹೇಳಿಕೊಳ್ಳಲು ಮಾನದ ಹೆಸರೂ ಇದೆ. ಆದರೆ ಯಾರೂ ಕೈ ಎತ್ತದ ಕೆಲಸಕ್ಕೆ ತಾನೊಬ್ಬನೇ ಕೈ ಎತ್ತಿದೆ ಎಂಬ ಹೆಮ್ಮೆಯೊಂದು ಅವರ ಒಳಗೆ ಇತ್ತೇನೋ. ಅದನ್ನು ಯಾರೋ ಕಸಿದುಕೊಂಡಂತೆ ಅನ್ನಿಸಿರಬೇಕು.

ಅಲ್ಲಿಂದ ಮುಂದೆ ಎರಡೂ ನಡೆಯಿತು. ಬ್ಲೇಡು ಹಾಕಿದರೆ ಲಾಡ್ಜಿನದು, ತೆಗೆದರೆ ಸೀರೆಯದು. ಕಾಗದ ಅದೇ, ಹೆಂಗಸರು ಅವರೇ, ಪೊಟ್ಟಣ ಮಾತ್ರ ಬೇರೆ. ಎಷ್ಟು ಎಚ್ಚರವಾಗಿದ್ದರೂ ಅದಲುಬದಲಾಗುತ್ತಿತ್ತು. ಒಂದು ಸಲ ತೂತಿಲ್ಲದ್ದು ಲಾಡ್ಜಿಗೆ ಹೋಗಿ, ಗಿರಾಕಿಯೊಬ್ಬರು ಹರಿಯಲಾಗದೆ ಇಡೀ ಸುರುಳಿ ಬಿಚ್ಚಿಬಿಟ್ಟರೆಂದು ದೂರು ಬಂತು. ಅದೇ ವಾರ ಸಾಹೇಬರ ಫೋನು: "ತೂತಿಂದು ಬಂದೈತೆ ಅಣ್ಣಾ, ಮಗ್ಗದೋರು ವಾಪಸ್ ತಂದು ಹಾಕಿದ್ರು."

ಸೀರೆಗೆ ಹೋಗುತ್ತದೆ ಎಂದು ಯಜಮಾನರು ಮನೆಯಲ್ಲಿ ಹೇಳಿದ ಮೇಲೆ ಮಾವನವರು ಮತ್ತೆ ಮಿಲ್ಲಿಗೆ ಬರತೊಡಗಿದರು. ಗೇಟಿನ ಹತ್ತಿರ ನಿಂತು, "ಇವತ್ತು ಯಾವುದವ್ವ?" ಅಂತ ನನ್ನನ್ನು ಕೇಳುತ್ತಿದ್ದರು. ಸೀರೆಯದು ಅಂದರೆ ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಸುರುಳಿ ಸುತ್ತುವುದನ್ನು ನೋಡುತ್ತಿದ್ದರು. 'ಅದು' ಅಂದರೆ ತಿರುಗಿ ಮನೆಗೆ. ಆ ಇನ್ನೊಂದನ್ನು ಅವರು ಎಂದೂ ಹೆಸರು ಹಿಡಿದು ಹೇಳಲಿಲ್ಲ.

ಒಂದು ದಿನ ಬೆಳಿಗ್ಗೆ ಸೀರೆಯದು ನಡೆಯುತ್ತಿತ್ತು. ಮಾವ ಬಂದು ಕೂತರು, ಗಾಳಿಗೆ ಹಾಗೇ ಜೊಂಪು ಹತ್ತಿತು. ಲಾಡ್ಜಿನವರು ಅವಸರ ಮಾಡಿದ್ದರಿಂದ ಹೆಂಗಸರು ನಡುವೆಯೇ ಬ್ಲೇಡು ಹಾಕಿಬಿಟ್ಟರು. ಮಿಷಿನ್ನಿನ ಸದ್ದು ಬದಲಾದದ್ದಕ್ಕೆ ಮಾವನಿಗೆ ಎಚ್ಚರವಾಯಿತು.

"ಈಗ ಯಾವುದು?" ಅಂದರು.

"ಆಗ ಸೀರೆಯದು ಮಾವ. ಈಗ ಅದು" ಅಂದೆ.

ಅವರು ಎದ್ದರು. ಬಾಗಿಲವರೆಗೆ ನಡೆದು, ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತುಬಿಟ್ಟರು. ಹೊರಗೆ ಸುಡುಬಿಸಿಲು. ಒಳಗೆ ಬಿಳಿ ಧೂಳು ಹಾರುತ್ತಿತ್ತು, ಅವರ ಹುಬ್ಬಿನ ಮೇಲೆ, ವಿಭೂತಿಯ ಮೇಲೆ ಕೂತಿತ್ತು. ಎರಡರಲ್ಲಿ ಯಾವುದರ ಧೂಳು ಅದು ಎಂದು ಯಾರು ಹೇಳಬಲ್ಲರು?

"ಹಂಗಾದ್ರೆ ನಾನು ಎಲ್ಲಿ ಕೂರ್ಲಿ?" ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ಕೇಳುತ್ತಿದ್ದರು.

ಹೆಂಗಸರು ಮಿಷಿನ್ನು ನಿಲ್ಲಿಸಿದರು. ಎಲ್ಲರೂ ನನ್ನನ್ನು ನೋಡಿದರು. ನಾನು ಹೋಗಿ ಕುರ್ಚಿ ಎತ್ತಿದೆ, ಹೊರಗೆ ಬೇವಿನ ನೆರಳಿಗೆ ಹಾಕೋಣವೆಂದು. ಮರದ ಕುರ್ಚಿ, ಭಾರ. ಅವರು ನೋಡುತ್ತಾ ನಿಂತಿದ್ದು, "ಇರ್ಲಿ ಬಿಡವ್ವ. ಅಲ್ಲೇ ಇರ್ಲಿ" ಅಂದರು. ವಾಪಸು ಬಂದು ಕೂತರು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಮಿಷಿನ್ನಿನ ಕಡೆ ಬೆನ್ನು ಮಾಡಿ, ಬೀದಿ ನೋಡುತ್ತಾ ಸಂಜೆವರೆಗೆ ಕೂತಿದ್ದರು. ಮರುದಿನದಿಂದ ಯಾವುದೆಂದು ಕೇಳಲಿಲ್ಲ. ಒಪ್ಪಿಕೊಂಡರೋ, ಸೋತರೋ, ನನಗೆ ಇಂದಿಗೂ ತಿಳಿಯದು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಸೀರೆ ವ್ಯಾಪಾರಿಗಳು ಪ್ಲಾಸ್ಟಿಕ್ ಕವರು, ಅಚ್ಚಾದ ರಟ್ಟಿನ ಡಬ್ಬಿ ತಂದರು. ನೇಕಾರರ ಬೀದಿಯಲ್ಲಿ ಮಗ್ಗಗಳೂ ಕಡಿಮೆಯಾದವು. ಸಾಹೇಬರು ತೀರಿಕೊಂಡರು, ಅವರ ಮಗ ಮೊಬೈಲ್ ಅಂಗಡಿ ಮಾಡಿದ. ಲಾಡ್ಜುಗಳಿಗೆ ಬೆಂಗಳೂರಿನ ಕಂಪನಿಗಳ ಮೆತ್ತನೆಯ ಮಾಲು ಮನೆ ಬಾಗಿಲಿಗೇ ಬರತೊಡಗಿತು. ಕೈ ಒರೆಸುವ ಚೌಕದ ಕಾಗದ ಮಾಡಬಹುದೆಂದು ಯಾರೋ ಹೇಳಿದರು. ಅದಕ್ಕೆ ಬೇರೆ ಮಿಷಿನ್ನು ಬೇಕಿತ್ತು. ಈ ಸಲ ಯಜಮಾನರು ಕೈ ಎತ್ತಲಿಲ್ಲ.

ಮಿಷಿನ್ನನ್ನು ರಾಯದುರ್ಗದ ಕಡೆಯವನೊಬ್ಬ ಕೊಂಡ. ಲಾರಿಗೆ ಏರಿಸುವ ದಿನ ಯಜಮಾನರು ಬಟ್ಟೆಯಲ್ಲಿ ಸುತ್ತಿದ ಬ್ಲೇಡನ್ನು ಅವನ ಕೈಗೆ ಕೊಟ್ಟು, ಅದನ್ನು ಕೂರಿಸುವುದು ಹೇಗೆ, ಹಲ್ಲು ಸರಿಯಾಗಿ ಕಚ್ಚುವಂತೆ ತಿರುಪು ಎಷ್ಟು ಬಿಗಿಯಬೇಕು, ಎಲ್ಲ ನಿಂತು ಹೇಳಿಕೊಟ್ಟರು. ಆ ಮನುಷ್ಯ ತಲೆ ಆಡಿಸಿದ. ಅವನು ಏನು ಮಾಡುವವನಿದ್ದ ಎಂದು ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶೆಡ್ಡನ್ನು ಹುಣಸೆಹಣ್ಣಿನ ವ್ಯಾಪಾರಿಗಳಿಗೆ ಬಾಡಿಗೆಗೆ ಕೊಟ್ಟೆವು. ಸುಗ್ಗಿಯಲ್ಲಿ ಮೂಟೆಗಳು ಛಾವಣಿ ಮುಟ್ಟುತ್ತವೆ, ಹುಳಿ ವಾಸನೆ ಬೀದಿಯವರೆಗೂ ಬರುತ್ತದೆ. ಒಳಗೇನಿದೆ ಎಂದು ಯಾರಾದರೂ ಕೇಳಿದರೆ ಹುಣಸೆಹಣ್ಣು ಅನ್ನುತ್ತೇನೆ. ಅಷ್ಟಕ್ಕೆ ಅವರು ಸುಮ್ಮನೆ ಮುಂದೆ ಹೋಗುತ್ತಾರೆ.